ಅಡುಗೆಮನೆ ಕಲಾವಿದರು

ನಮ್ಮ ಕಲಾವಿದ ಮಿತ್ರರು ದೇಶ ಬಿಟ್ಟು ಬಂದು ಇಪ್ಪತ್ತು ವರ್ಷವಾದರೂ ಪ್ರತಿ ಪ್ರದರ್ಶನಕ್ಕೂ ಹುಟ್ಟಿದ ಮನೆಯ ಅಡುಗೆಮನೆಯ ಚಿತ್ರವನ್ನೇ ಬರೆಯುತ್ತಾರೆ. ಅದರ ಕಿಟಕಿಯಾಚೆ ಮಾತ್ರ ಈ ಊರಿನ ಕಾರ್ ಪಾರ್ಕಿಂಗು. ಕಲೆಯಲ್ಲಿ ನನಗಿರುವ ಪಾಂಡಿತ್ಯ ಮೊಳೆ ಹೊಡೆಯುವಷ್ಟೇ ಆದ್ದರಿಂದ ಚಿತ್ರಗಳನ್ನು ಗೋಡೆಗೆ ತೂಗುಹಾಕುವ ಕೆಲಸ ನನ್ನದು. ಕಿಟಕಿ ಒಂದು ಚಿತ್ರದಲ್ಲಿ ಒಲೆಯ ಎಡಕ್ಕಿದ್ದರೆ ಮತ್ತೊಂದರಲ್ಲಿ ಬಲಕ್ಕೆ. "ಎರಡು ಸಂಸ್ಕೃತಿಗಳ ನಡುವಿನ ಓಡಾಟ!" ಎಂದು ವಿಮರ್ಶಕರು ತಲೆದೂಗಿದರೆ ಇವರು ಗಡ್ಡ ನೀವಿಕೊಂಡು, "ನೀವೊಬ್ಬರೇ ನೋಡಿ ಸರಿಯಾಗಿ ಹಿಡಿದದ್ದು" ಎನ್ನುತ್ತಾರೆ, ಎಲ್ಲರಿಗೂ. ಈ ಸಲ ಉದ್ಘಾಟನೆಯ ಗದ್ದಲದ ನಡುವೆಯೇ ನನ್ನ ಪಕ್ಕ ನಿಂತು ಊರಿಗೆ ಫೋನು ಮಾಡಿದರು: "ಅಕ್ಕಾ, ನಿಜ ಹೇಳೇ, ನಮ್ಮ ಕಿಟಕಿ ಒಲೆಗೆ ಎಡಕ್ಕಿತ್ತೋ, ಬಲಕ್ಕೋ? ನಂಗೆ ಮರ್ತೇ ಹೋಗಿದೆ." ಅಕ್ಕನ ದನಿ ನನಗೂ ಕೇಳಿಸಿತು: "ಅಯ್ಯೋ, ಮನೆ ಕೆಡವಿದ್ಮೇಲೆ ನಾನು ನಿನ್ನ ಚಿತ್ರ ನೋಡ್ಕೊಂಡೇ ನೆನಪಿಟ್ಕೊಂಡಿದೀನಲ್ಲೋ!"