ಪೈಪಿನಲ್ಲಿ ಮರೆತ ಸೀರೆಯ ತುಂಡು

ಫಕ್ಕೀರಣ್ಣ, ನೀನು ಡೀಸೆಲ್ ಕದ್ದಿರಲಿಲ್ಲ. ನಿನ್ನ ತಮ್ಮ ನಾಗಪ್ಪನೂ ಕದ್ದಿರಲಿಲ್ಲ. ದೋಷ ಗಾಡಿಯಲ್ಲಿತ್ತು, ಆ ದೋಷ ಮಾಡಿದವನು ನಾನು — ಹೋದ ವಾರದ ತನಕ, ಹನ್ನೊಂದು ವರ್ಷ, ಅದನ್ನು ಬಲ್ಲವನೂ ನಾನೊಬ್ಬನೇ.

ಬರೆದುಬಿಟ್ಟೆ. ಇದನ್ನು ಬಾಯಿಂದ ಹೇಳಲು ಮೂರು ಸಲ ತಿಳವಳ್ಳಿಗೆ ಬಂದಿದ್ದೆ. ಮೂರು ಸಲವೂ ನಿನ್ನ ಮನೆಯ ಚಹಾ ಕುಡಿದು, ಮಳೆ-ಬೆಳೆ ಮಾತಾಡಿ, ಬಾಲ ಮುದುರಿಕೊಂಡು ಶಿಗ್ಗಾಂವಿಯ ಬಸ್ಸು ಹತ್ತಿದೆ. ನಿನಗೆ ಅಕ್ಷರ ಬಾರದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಓದಿ ಹೇಳುವವರು ಯಾರೆಂದು ಕೊನೆಗೆ ಹೇಳುತ್ತೇನೆ.

ಹೊಗೆ ನೋಡಿಯೇ ರೋಗ ಹೇಳುವ ಮಿಸ್ತ್ರಿ ಎಂದು ಆಗ ನನ್ನ ಹೆಸರು. ಹೆಸರೇನು ಬಂತು, ಬರೀ ಜಂಬ. ಸವಣೂರಿನ ಸಾಹುಕಾರರ ಆ ಹಳೆಯ ಲಾರಿಯನ್ನು ನೀನು ಓಡಿಸುತ್ತಿದ್ದೆ, ಪಕ್ಕದಲ್ಲಿ ನಾಗಪ್ಪ. ಊರಿನ ಬೋರ್ಡು, ಮಾಲಿನ ಕಾಗದ, ಎಲ್ಲವನ್ನೂ ಅವನೇ ನಿನಗೆ ಓದಿ ಹೇಳಬೇಕು. ಹಂಸಭಾವಿಯಿಂದ ಗೋವಿನಜೋಳ ಹೇರಿಕೊಂಡು ಹೋಗುವಾಗ ಇಬ್ಬರೂ ಜಗಳಾಡುತ್ತ, ನಗುತ್ತ ಶಿಗ್ಗಾಂವಿಯ ನನ್ನ ಗ್ಯಾರೇಜಿನ ಮುಂದೆ ಹಾರ್ನ್ ಹೊಡೆದೇ ಹೋಗುತ್ತಿದ್ದಿರಿ.

ಒಮ್ಮೆ ಡೀಸೆಲ್ ಚಿಮ್ಮುವ ನೋಝಲ್ ಬಿಚ್ಚಿ ಸ್ವಚ್ಛ ಮಾಡಲು ಗಾಡಿ ತಂದಿರಿ. ಎಂಜಿನ್ನಿಗೆ ಗಾಳಿ ಹೋಗುವ ಪೈಪು ಕಳಚಿದೆ. ಧೂಳು ಬೀಳಬಾರದೆಂದು ಅದರ ಬಾಯಿಗೆ ಒಂದು ಬಟ್ಟೆ ತುರುಕಿದೆ. ನನ್ನ ಹೆಂಡತಿಯ ಹಳೆಯ ಹಸಿರು ಸೀರೆಯ ತುಂಡು. ಎಲ್ಲ ಮಿಸ್ತ್ರಿಗಳೂ ಹಾಗೆಯೇ ಮಾಡುತ್ತಾರೆ, ಪೈಪು ಕೂಡಿಸುವಾಗ ನೆನಪಿಟ್ಟು ತೆಗೆಯುತ್ತಾರೆ. ನಾನು ತೆಗೆಯಲಿಲ್ಲ. ಚಾಲು ಮಾಡಿದರೆ ಎಂಜಿನ್ ನಿಂತಲ್ಲೇ ಬಂದ್ ಬೀಳುತ್ತಿತ್ತು. ಯಾಕೆ ಎಂದು ಕೇಳಬೇಕಿದ್ದುದು ನನ್ನ ಕೆಲಸ. ಊಟದ ಹೊತ್ತಾಗಿತ್ತು — ಗಾಡಿ ನಿಂತಾಗ ಎಂಜಿನ್ನಿನ ವೇಗ ಹಿಡಿಯುವ ಐಡ್ಲಿಂಗ್ ಸ್ಕ್ರೂ ಎರಡು ಸುತ್ತು ಏರಿಸಿದೆ. ಬಂದ್ ಬೀಳುವುದು ನಿಂತಿತು. ಆಯಿತು, ಒಯ್ಯಿರಿ ಎಂದೆ.

ತಿಂಗಳೊಪ್ಪತ್ತಿನಲ್ಲಿ ನೀನು ಮತ್ತೆ ಬಂದೆ.

"ಮಿಸ್ತ್ರಿ, ಕಾಲ ತೆಗದರೂ ಗಾಡಿ ನಿಂತಲ್ಲೇ ರೇಸ್ ಆಗಾಕತ್ತೈತಿ. ಲೀಟರಿಗೆ ಐದು ಕಿಲೋಮೀಟರ ಕೊಡತಿದ್ದದ್ದು ಮೂರಕ್ಕ ಬಂದೈತಿ. ಕರೀ ಹೊಗಿ ನೋಡು. ಸಾಹುಕಾರ್ರು ನನ್ನ ಮ್ಯಾಲೆ ಕಣ್ಣಿಟ್ಟಾರ."

ಕಡೆಯ ಮಾತನ್ನು ನಾನು ಕೇಳಿಸಿಕೊಂಡಿದ್ದೆ. ಕೇಳಿಸಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ — ಅದೂ ಸುಳ್ಳು.

ನೀವಿಬ್ಬರೂ ಚಹಾಕ್ಕೆ ಹೋದಾಗ ಪೈಪು ಬಿಚ್ಚಿದೆ. ತಿರುವಿನಲ್ಲಿ ಆ ಬಟ್ಟೆ ಮುದ್ದೆಯಾಗಿ ಸಿಕ್ಕಿಕೊಂಡಿತ್ತು, ಹಸಿರು ಕಪ್ಪಾಗಿತ್ತು. ಗಾಳಿ ಸಾಲದೆ ಎಂಜಿನ್ ಉಸಿರು ಕಟ್ಟಿ ಡೀಸೆಲ್ ಕುಡಿಯುತ್ತಿತ್ತು. ಬಟ್ಟೆ ಎಳೆದು ಜೇಬಿಗೆ ಹಾಕಿದೆ. ಸ್ಕ್ರೂ ಇಳಿಸಿದೆ. ಅಷ್ಟೇ. ಗಾಡಿ ಮೊದಲಿನಂತಾಯಿತು, ಇನ್ನು ಯಾರಿಗೆ ಏನು ನಷ್ಟ ಎಂದುಕೊಂಡೆ.

ಅಷ್ಟರಲ್ಲಿ ಸಾಹುಕಾರರು ಬಂದರು. ಅವರ ಹಿಂದೆಯೇ ನೀವೂ ಬಂದಿರಿ. ಬೆಂಚಿನ ಮೇಲೆ ನನ್ನ ಗಿರಾಕಿಗಳಾದ ಬೇರೆ ಲಾರಿ ಮಾಲೀಕರು ಇಬ್ಬರು ಕುಳಿತಿದ್ದರು.

"ಏನಿತ್ತೋ ಮಿಸ್ತ್ರಿ, ಗಾಡ್ಯಾಗ?"

"ಏನೂ ಇಲ್ರಿ. ಗಾಡಿ ಸರಿ ಐತ್ರಿ."

ಅವರು ನಿನ್ನ ಕಡೆ ತಿರುಗಿದರು. "ಹಂಗಾರ ನನ್ನ ಡೀಸೆಲ್ ಎಲ್ಲಿ ಹೋತು, ಫಕ್ಕೀರಾ?"

ಆಗಲೂ ಬಾಯಿ ಬಿಡಬಹುದಿತ್ತು. ಬಟ್ಟೆ ನನ್ನ ಜೇಬಿನಲ್ಲಿತ್ತು, ಅಂಗಿಗೆ ಎಣ್ಣೆ ಹತ್ತಿ ಮೈಗೆ ಅಂಟುತ್ತಿತ್ತು. ನೀನು ನನ್ನನ್ನು ನೋಡಿದೆ — ಸಿಟ್ಟಿನಿಂದಲ್ಲ, ಇನ್ನೊಮ್ಮೆ ನೋಡಿ ಹೇಳು ಎನ್ನುವ ಹಾಗೆ. ನಾನು ನಟ್ಟು ಬಿಚ್ಚುವ ಪಾನಾ ಒರೆಸುತ್ತ ನಿಂತೆ. ನೀನು ಚಾವಿಯನ್ನು ಬಾನೆಟ್ಟಿನ ಮೇಲಿಟ್ಟು ನಡೆದೆ. ನಾಗಪ್ಪ ನಿನ್ನ ಚಾದರ ಎತ್ತಿಕೊಂಡು ಹಿಂದೆ ಓಡಿದ.

ಮರುದಿನ ಹೊಸ ಡ್ರೈವರ್ ಬಂದ. ಗಾಡಿ ಲೀಟರಿಗೆ ಐದು ಕೊಟ್ಟಿತು. ಕೊಡದೇ ಏನು, ಬಟ್ಟೆ ತೆಗೆದಿದ್ದೆನಲ್ಲ! "ಕಳ್ಳ ಹೋದ, ಡೀಸೆಲ್ ಉಳೀತು" ಎಂದು ಸಾಹುಕಾರರು ಸವಣೂರಿನಿಂದ ಹಿರೇಕೆರೂರಿನ ತನಕ ಹೇಳಿಕೊಂಡು ಬಂದರು. ನನ್ನ ರಿಪೇರಿಯೇ ನಿನ್ನ ಕಳ್ಳತನಕ್ಕೆ ಸಾಕ್ಷಿಯಾಯಿತು. ಆಮೇಲೆ ನಿನ್ನ ಕೈಗೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ನೀನು ಹಾನಗಲ್ಲಿನ ಗೋದಾಮಿನಲ್ಲಿ ಬೇರೆಯವರ ಲಾರಿಗೆ ಗೇಟು ತೆಗೆಯುವ ಕೆಲಸಕ್ಕೆ ನಿಂತೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುತ್ತಾರೆ. ನಿನ್ನ ಮಾನ ಹೋದದ್ದು ಒಂದು ಚಿಂದಿಗೆ.

ಇಷ್ಟೇ ಆಗಿದ್ದರೆ... ಇಲ್ಲ, ಇಷ್ಟೇ ಆಗಿದ್ದರೂ ಸಾಕಿತ್ತು. ಆದರೆ ಕೆಲ ತಿಂಗಳ ಮೇಲೆ ನೀನು ಗ್ಯಾರೇಜಿಗೆ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕುಳಿತು ಹೇಳಿದ ಮಾತಿದೆಯಲ್ಲ:

"ಮಿಸ್ತ್ರಿ, ನೀ ಸುಳ್ಳು ಹೇಳಾಂವ ಅಲ್ಲ. ಗಾಡಿ ಸರಿ ಇತ್ತು. ನಾನಂತೂ ಕದ್ದಿಲ್ಲ. ಗಾಡ್ಯಾಗ ಇದ್ದವರು ಇಬ್ಬರ. ನಾ ಮಲಗಿದಾಗ ನಾಗಪ್ಪನೇ ಡೀಸೆಲ್ ಮಾರಿಕೊಂಡಾನ. ಮನಿ ಬಿಟ್ಟು ಹೊರಗ ಹಾಕಿದೆ."

ನಾನು ಚಹಾ ತರಿಸಿದೆ. ಊರೆಲ್ಲ ನಿನ್ನನ್ನು ಕಳ್ಳ ಎಂದಾಗಲೂ ನೀನು ನನ್ನನ್ನು ನಂಬಿದ್ದೆ, ನನ್ನನ್ನು ನಂಬಿ ಒಡಹುಟ್ಟಿದವನನ್ನು ಬಿಟ್ಟೆ. ನನಗೆ ಬಾಯಿ ಇತ್ತು ಫಕ್ಕೀರಣ್ಣ, ಚಹಾ ಹೇಳುವಷ್ಟು ಇತ್ತು.

ಹೋದ ವಾರ ನಾಗಪ್ಪ ಬಂದಿದ್ದ. ಹಿರೇಕೆರೂರಿನಲ್ಲಿ ಟೆಂಪೊ ಇಟ್ಟುಕೊಂಡಿದ್ದಾನೆ, ತಲೆ ನರೆತಿದೆ. ಕೈಯಲ್ಲಿ ಮಗಳ ಮದುವೆಯ ಕಾರ್ಡು.

"ಅಣ್ಣ ನನ್ನ ಮಾರಿ ನೋಡಂಗಿಲ್ರಿ. ದೊಡ್ಡಪ್ಪ ಅಕ್ಕಿಕಾಳು ಹಾಕದಿದ್ರ ನಾ ಹಂದರದಾಗ ಕುಂದ್ರಂಗಿಲ್ಲ ಅಂತ ಹುಡುಗಿ ಹಟ ಹಿಡದಾಳ. ನಿಮ್ಮ ಮಾತಂದ್ರ ಅಣ್ಣ ಕೇಳ್ತಾನ. ಹೆಂಗರ ಮಾಡಿ ಕರಕೊಂಡು ಬರ್ರಿ ಮಿಸ್ತ್ರಿ."

ನನ್ನ ಕಾಲು ಮುಟ್ಟಲು ಬಗ್ಗಿದ. ನನ್ನ ಕಾಲು! ಹಿಂದೆ ಸರಿದು ಜಾಕಿಗೆ ಎಡವಿ ಬಿದ್ದೆ. ಮರುದಿನವೇ ಹುಚ್ಚನಂತೆ ಸವಣೂರಿಗೆ ಓಡಿ ಸಾಹುಕಾರರಿಗೆ ಎಲ್ಲ ಹೇಳಿದೆ. "ಗಾಡೀನೇ ಗುಜರಿಗೆ ಹೋತು, ಇನ್ಯಾಕೋ ಆ ಮಾತು?" ಎಂದು ನಕ್ಕು ಎಲೆ-ಅಡಿಕೆ ಕೊಟ್ಟರು. ಅವರಿಗೆ ಅದು ಹಳೆಯ ಮಾತು. ಮದುವೆಗೆ ಇನ್ನು ಒಂಬತ್ತು ದಿನ.

ಆ ಬಟ್ಟೆ ಇನ್ನೂ ಇದೆ. ಅಂದು ಜೇಬಿನಲ್ಲಿ ಸಿಕ್ಕಿದ್ದನ್ನು ನನ್ನ ಹೆಂಡತಿ ಒಗೆದು, ಒಣಗಿಸಿ, ಮಡಚಿ ಕೊಟ್ಟಳು. ಅದರಿಂದ ಕೈ ಒರೆಸಲು ಮನಸ್ಸಾಗಲಿಲ್ಲ, ಎಸೆಯಲು ಧೈರ್ಯ ಸಾಲಲಿಲ್ಲ. ಪಾನಾ ಪೆಟ್ಟಿಗೆಯ ತಳದಲ್ಲಿದೆ.

ನಾಳೆ ಬೆಳಿಗ್ಗೆ ಹಿರೇಕೆರೂರಿಗೆ ಹೋಗಿ ಈ ಕಾಗದವನ್ನು ನಾಗಪ್ಪನ ಕೈಗೆ ಕೊಡುತ್ತೇನೆ. ಅವನು ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಆಮೇಲೆ ಇಬ್ಬರೂ ತಿಳವಳ್ಳಿಗೆ ಬರುತ್ತೇವೆ. ನಿನಗೆ ಓದಿ ಹೇಳುವವನು ಮೊದಲಿನಂತೆ ಅವನೇ. ಅವನ ದನಿ ಕೇಳಿ ನೀನು ಕದ ಹಾಕಿಕೊಂಡರೆ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಲಿ. ನಿನ್ನನ್ನು ಕಳ್ಳ ಎಂದ ಓಣಿಯೂ ಕೇಳಲಿ. ನಾನು ಆ ಸೀರೆಯ ತುಂಡು ಹಿಡಿದು ಪಕ್ಕದಲ್ಲೇ ನಿಂತಿರುತ್ತೇನೆ.

ಕ್ಷಮಿಸು ಎಂದು ಇದರಲ್ಲಿ ಎಲ್ಲಿಯೂ ಬರೆದಿಲ್ಲ. ಕೇಳುವ ಮುಖ ನನಗಿಲ್ಲ. ಕದ ತೆರೆದು ಹೊರಗೆ ಬಾ, ಅಷ್ಟು ಸಾಕು. ನನ್ನ ಮುಖ ನೋಡಬೇಡ, ಅಣ್ಣಾ. ಓದುತ್ತಿರುವವನ ಮುಖ ನೋಡು.