ಬೇಳೆಗೆ ಬೈಯುವ ಮೊದಲು

ಜರ್ಮನಿಯಲ್ಲಿ ಮೊದಲ ಸಲ ಕುಕ್ಕರ್ ಇಟ್ಟ ಭಾನುವಾರ, ಒಂಬತ್ತನೇ ಸೀಟಿಗೆ ಯಾರೋ ಬಾಗಿಲು ದಬದಬ ಬಡಿದರು. ಪಕ್ಕದ ಮನೆಯ ಅಜ್ಜಿ. ‘ರೂಹೆ!’ ಎಂದು ಗದರಿದರು. ಭಾನುವಾರ ಇಲ್ಲಿ ಸದ್ದು ಮಾಡುವಂತಿಲ್ಲ. ಆ ಮೌನಕ್ಕೆ ರೂಹೆ ಎನ್ನುತ್ತಾರೆ. ನಮ್ಮ ವಡಗೇರಾದಲ್ಲಿ ಮನೆಯೊಳಗೆ ಸದ್ದಿಲ್ಲದಿದ್ದರೆ ಜನ ಓಡಿ ಬರುತ್ತಾರೆ, ಇಲ್ಲಿ ಸದ್ದಾದರೆ.

ಎಂಟು ತಿಂಗಳು ಬ್ರೆಡ್ಡು ತಿಂದು ನಾಲಿಗೆ ಸತ್ತಿತ್ತು. ಶಹಾಪುರದಿಂದ ತಂದ ತೊಗರಿಬೇಳೆಯೂ ಬೇಯಲಿಲ್ಲವೆಂದು ಫೋನಿನಲ್ಲಿ ಅತ್ತೇ ಬಿಟ್ಟೆ.

“ಬ್ಯಾಳಿಗ್ಯಾಕ ಬೈತಿ ಹುಚ್ಚಿ? ಮೊದ್ಲ ನೀರು ನೋಡು,” ಎಂದಳು ಅವ್ವ. “ಬೋರಿನ ನೀರಾಗ ಬ್ಯಾಳಿ ಬೇಯ್ತದೇನು? ಅದಕ್ಕ ಅಲ್ಲೇನು ನಾ ಹೊಳಿ ನೀರು ಹೊತ್ತು ತರೂದು?”

ನನ್ನ ಕೆಲಸ ಜೀವಕೋಶದೊಳಗಿನ ಹನಿಗಳದ್ದು. ಸಾರಿನ ಮೇಲಿನ ಎಣ್ಣೆಯಂತೆ ಪ್ರೋಟೀನುಗಳು ಗುಂಪುಗೂಡಿ ಹನಿಯಾಗುತ್ತವೆ. ಅದರೊಳಗೆ ಅವು ಓಡಾಡಿಕೊಂಡಿರಬೇಕು. ಹನಿ ಗಟ್ಟಿಯಾದರೆ ನರರೋಗಕ್ಕೆ ದಾರಿ. ಗಟ್ಟಿಯಾಗುತ್ತಿದ್ದ ಹನಿಗಳಿಗೆ ಪುಟ್ಟ ಅಣುವಿನ ಔಷಧವೊಂದನ್ನು ಬೆರೆಸಿ, ಹೊಳೆಯುವ ಹನಿಯಲ್ಲಿ ಒಂದು ಚುಕ್ಕೆಯನ್ನು ಲೇಸರಿನಿಂದ ಕಪ್ಪಾಗಿಸಿದ್ದೆ. ಸುತ್ತಲಿನ ಪ್ರೋಟೀನು ಅಲ್ಲಿಗೆ ಹರಿದು ಬಂದು ಬೆಳಕು ಮರಳಿತು, ಅಂದರೆ ಹನಿ ಮತ್ತೆ ಸಡಿಲವಾಗಿತ್ತು. ಹೋಲಿಕೆಗೆಂದು ಔಷಧ ಹಾಕದೆ ಇಟ್ಟ ಹನಿಗಳಲ್ಲಿ ಮರಳಲಿಲ್ಲ. ಔಷಧ ಕೆಲಸ ಮಾಡಿತು! ಲ್ಯಾಬಿನ ಮುಖ್ಯಸ್ಥೆ ನನ್ನನ್ನು ಅಪ್ಪಿಕೊಂಡರು. ಶುಕ್ರವಾರದ ಸಭೆಯಲ್ಲಿ ಇದನ್ನು ತೋರಿಸಿದರೆ ಕೆಲಸ ಇನ್ನೆರಡು ವರ್ಷ ಖಾತ್ರಿ. ಇಲ್ಲವಾದರೆ ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕು.

ಗುರುವಾರ ಬೆಳಿಗ್ಗೆ ಅದೇ ಅಜ್ಜಿ ನೀರು ಸೋಸುವ ಜಗ್ಗು ತಂದುಕೊಟ್ಟರು. ನನ್ನ ಪಾತ್ರೆಯ ಬಿಳಿ ಕಲೆ ತೋರಿಸಿ ‘ಕಾಲ್ಕ್’ ಎಂದರು, ಅಂದರೆ ಸುಣ್ಣ. ಆ ನೀರನ್ನು ಬೇಳೆಗೆ ಹಾಕುವಾಗ ಅವ್ವನ ‘ಮೊದ್ಲ ನೀರು ನೋಡು’ ನೆನಪಾಯಿತು. ಔಷಧವನ್ನು ಒಂದು ದ್ರವದಲ್ಲಿ ಕರಗಿಸಿ ಹಾಕಿದ್ದೆ. ಹೋಲಿಕೆಗೆ ಇಟ್ಟ ಹನಿಗಳಿಗೆ ಆ ದ್ರವವನ್ನೇ ಹಾಕಿರಲಿಲ್ಲ!

ಲ್ಯಾಬಿಗೆ ಓಡಿ, ಔಷಧವಿಲ್ಲದೆ ಬರೀ ದ್ರವ ಬೆರೆಸಿದೆ. ಚುಕ್ಕೆ ಕಪ್ಪಾಯಿತು. “ಬರಬ್ಯಾಡಪ್ಪ, ಬರಬ್ಯಾಡ,” ಎಂದು ಬೆಳಕನ್ನು ಬೇಡಿಕೊಂಡೆ. ಬಂತು, ಅದೇ ವೇಗದಲ್ಲಿ. ಕೆಲಸ ಮಾಡಿದ್ದು ಔಷಧವಲ್ಲ, ದ್ರವ.

ಮುಚ್ಚಿಡಬಹುದಿತ್ತು; ಯಾರೂ ಕೇಳಿರಲಿಲ್ಲ. ಆದರೆ ಮುಖ್ಯಸ್ಥೆಗೆ ಹೇಳಿದೆ. ಅವರು ಪರದೆಯನ್ನೇ ನೋಡುತ್ತ, “ನಾಳೆಯ ಸಭೆಯ ಪಟ್ಟಿಯಿಂದ ನಿನ್ನ ಹೆಸರು ತೆಗೆಯುತ್ತೇನೆ,” ಎಂದರು.

“ಹಂಗಾದ್ರ ಮನಿಗಿ ಬರ್ತಿ?” ರಾತ್ರಿ ಫೋನಿನಲ್ಲಿ ಅವ್ವನ ದನಿಯಲ್ಲಿ ಖುಷಿ ಅಡಗಲಿಲ್ಲ. ನನಗೂ ಖುಷಿಯಾಯಿತು; ಖುಷಿಯಾದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

“ಇನ್ನೂ ಒಂದು ತಿಂಗಳು ಅದ ಯವ್ವ. ಬ್ಯಾರೆ ಔಷಧ ಹಾಕಿ ನೋಡ್ತೀನಿ.”

“ಬ್ಯಾಳಿ ಬೆಂತೇನು?”

“ಬೆಂತು. ಮೂರೇ ಸೀಟಿಗೆ.”

ಅವ್ವನ ದನಿಯ ಖುಷಿ ಇಳಿಯಿತು.

“ಹಂಗಾದ್ರ ಅಲ್ಲೂ ಬೇಯ್ತದ,” ಎಂದಳು.