ಕರಡಿ ರೈಲಿನ ಬೆನ್ನು ಕಾಯುವ ಡೆಲ್ಫಿನಾ

ಬೆಳಗಿನ ಐದೂವರೆ. ರೈಲು ಶೆಡ್ಡಿನ ಹಿಂದೆ ಡೆಲ್ಫಿನಾ ಟ್ರುಹಿಯೋ ಒಂದು ಹಿಡಿ ಹುಲ್ಲು ಕಿತ್ತು ಮುಷ್ಟಿಯಲ್ಲಿ ಹಿಸುಕುತ್ತಾರೆ. ಹುಲ್ಲು ಹಪ್ಪಳದಂತೆ ಪುಡಿಯಾಗುತ್ತದೆ, ಪುಡಿಯನ್ನು ಗಾಳಿ ಹೊತ್ತೊಯ್ಯುತ್ತದೆ. ಅವರ ಮುಖ ಸಪ್ಪಗಾಗುತ್ತದೆ.

ಇಂದು ಮೊಮ್ಮಗಳು ಮಾರಿಸೆಲಾಳ ಏಳನೇ ಹುಟ್ಟುಹಬ್ಬ. ಕರಡಿ ವೇಷದವರು ಮಕ್ಕಳನ್ನು ನಗಿಸುವ ಕರಡಿ ರೈಲಿನಲ್ಲಿ ಅಜ್ಜಿಯ ಪಕ್ಕ ಕೂತು ಬೆಟ್ಟ ಹತ್ತಬೇಕೆಂಬುದು ಅವಳ ಹಟ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅಜ್ಜಿ ರಜೆ ಹಾಕಿದ್ದಾರೆ, ಟಿಕೆಟ್ಟೂ ಜೇಬಿನಲ್ಲಿದೆ. ಆದರೆ ಗಾಳಿ ಎದ್ದ ಒಣದಿನ ರೈಲಿನ ಹಿಂದೆ ಇಬ್ಬರು ಕಾವಲಿರಬೇಕು, ಇಲ್ಲದಿದ್ದರೆ ರೈಲೇ ಹೊರಡುವಂತಿಲ್ಲ. ಈ ಊರಿನಲ್ಲಿ ಆ ಕೆಲಸ ಬಲ್ಲವರು ಇಬ್ಬರೇ: ಆರ್ವಿಲ್ ಮತ್ತು ಡೆಲ್ಫಿನಾ.

"ನೀನು ಮಾತು ಕೊಟ್ಟಿದ್ದೆ!" ಎಂದು ಮಾರಿಸೆಲಾ ಕಾಲು ನೆಲಕ್ಕೆ ಬಡಿಯುತ್ತಾಳೆ.

"ಕೊಟ್ಟಿದ್ದೆ ಕಣೇ ಬಂಗಾರಿ. ನಾನು ಹತ್ತಿದ್ರೆ ರೈಲೇ ಹೊರಡಲ್ಲ. ನಿಮ್ಮಮ್ಮನ ಜೊತೆ ಕೂತ್ಕೋ. ನಾನು ಹಿಂದೇನೇ ಬರ್ತಿರ್ತೀನಿ."

ಮಗು ಮುಖ ತಿರುಗಿಸುತ್ತದೆ. ಕರಡಿ ವೇಷದವರು ಕೊಟ್ಟ ಜೇನಿನ ಬಿಸ್ಕತ್ತೂ ಬೇಡವಂತೆ.

ಕಲ್ಲಿದ್ದಲಿನ ಇಂಜಿನ್ ಉಗುಳುವ ಕಿಡಿ ಯಾವ ಟಿಕೆಟ್ಟೂ ಇಲ್ಲದೆ ಕಾಡಿಗಿಳಿಯುತ್ತದೆ. ಹಿಂದೊಮ್ಮೆ ಅಂಥದೊಂದು ಕಿಡಿಗೆ ಬೆಟ್ಟದ ಒಂದು ಮಗ್ಗುಲೇ ಸುಟ್ಟಿತು. ಬೇಸಿಗೆಯಿಡೀ ರೈಲು ನಿಂತಿತು, ನಿಲ್ದಾಣದ ಕ್ಯಾಂಟೀನೂ ಮುಚ್ಚಿತು. ಅಲ್ಲಿ ರೊಟ್ಟಿ ಬೇಯಿಸುತ್ತಿದ್ದ ಡೆಲ್ಫಿನಾ, ರೈಲು ಮತ್ತೆ ಶುರುವಾದ ದಿನವೇ ಹೋಗಿ ಕಾವಲಿನ ಕೆಲಸ ಕೇಳಿದರು. ಲಟ್ಟಣಿಗೆ ಹಿಡಿದ ಕೈಗೆ ಗುದ್ದಲಿಯೇ ಎಂದು ನಕ್ಕವರಲ್ಲಿ ಊರ ಪತ್ರಿಕೆಗೆ ಬರೆಯುವ ನಾನೂ ಒಬ್ಬ. ಆ ನಾಚಿಕೆ ನನಗೆ ಇಂದಿಗೂ ಇದೆ.

ರೈಲು ಹೊರಟ ಐದು ನಿಮಿಷಕ್ಕೆ ಅವರ ಪುಟ್ಟ ಮೋಟಾರು ಬಂಡಿ ಹಳಿಯ ಮೇಲೆ ಹೊರಡುತ್ತದೆ. ಅವರ ಕೆಲಸ ನೋಡಿ ಬರೆಯಲೆಂದು ನಾನೂ ನೀರಿನ ಡ್ರಮ್ಮಿಗೆ ಆನಿಕೊಂಡು ಕೂತಿದ್ದೇನೆ, ಆರ್ವಿಲ್‌ನ ಬಂಡಿ ನಮ್ಮ ಹಿಂದಿದೆ. ಇಪ್ಪತ್ತೆರಡು ಮೈಲಿ ದಾರಿ, ಮೂವತ್ತಕ್ಕೂ ಹೆಚ್ಚು ಸಲ ಇಳಿದು ಹತ್ತಬೇಕು. ಪ್ರತಿ ಸಲವೂ ಡೆಲ್ಫಿನಾ ಹೊಗೆಯಾಡುವ ಕಡೆ ನೀರು ಸುರಿದು, ಮಣ್ಣು ಕೆದಕಿ, ಗ್ಲೌಸು ಕಳಚಿ ಬೂದಿಯೊಳಗೆ ಬರಿಗೈ ಇಡುತ್ತಾರೆ.

"ಗ್ಲೌಸು ಸುಳ್ಳು ಹೇಳುತ್ತೆ ಕಣಪ್ಪ. ಬರಿಗೈಗೆ ತಣ್ಣಗಾದ್ರೇನೇ ಆರಿದೆ ಅಂತ."

ಒಂಬತ್ತನೇ ಮೈಲಿಯಲ್ಲಿ ಹಳಿ ಹಾವಿನಂತೆ ಸುತ್ತಿ ಮೇಲೇರುತ್ತದೆ. ಅಲ್ಲಿ ನಮ್ಮ ತಲೆಯ ಮೇಲೆಯೇ ರೈಲು ಕಾಣುತ್ತದೆ. ಕೊನೆಯ ಡಬ್ಬಿಯ ಹಿಂದಿನ ತೆರೆದ ಜಗುಲಿಯಲ್ಲಿ ತಾಯಿಯ ಕೈ ಹಿಡಿದು ನಿಂತ ಮಾರಿಸೆಲಾ ಇನ್ನೊಂದು ಕೈ ಬೀಸುತ್ತಿದ್ದಾಳೆ. ಸಿಟ್ಟು ಇಳಿಯಿತೆಂದು ಅಜ್ಜಿ ಖುಷಿಯಿಂದ ತಾವೂ ಬೀಸುತ್ತಾರೆ. ಮಗು ಇನ್ನೂ ಜೋರಾಗಿ ಬೀಸುತ್ತದೆ. ಡೆಲ್ಫಿನಾ ತಟ್ಟನೆ ಬ್ರೇಕು ಒತ್ತುತ್ತಾರೆ. "ಅಯ್ಯೋ, ಅದು ಟಾಟಾ ಅಲ್ಲ! ಏನೋ ತೋರಿಸ್ತಿದಾಳೆ!"

ಹಳಿಯ ಕೆಳಗಿನ ಇಳಿಜಾರಿನಲ್ಲಿ, ಬಂಡಿಯಿಂದ ಕಾಣದ ಕಡೆ, ಬಿದ್ದ ಪೈನ್ ಮರದ ಬುಡ ಹೊಗೆಯಾಡುತ್ತಿದೆ. ಅದನ್ನು ಆರಿಸಲು ಆರ್ವಿಲ್‌ನೂ ಸೇರಿ ನಮಗೆ ಇಪ್ಪತ್ತು ನಿಮಿಷ ಬೇಕಾಗುತ್ತದೆ.

ಮೇಲಿನ ನಿಲ್ದಾಣದಲ್ಲಿ ಮಾರಿಸೆಲಾ ಕರಡಿಗಳನ್ನೆಲ್ಲ ತಳ್ಳಿಕೊಂಡು ಓಡಿ ಬರುತ್ತಾಳೆ. "ಆರಿತಾ ಅಜ್ಜಿ? ಬರಿಗೈ ಇಟ್ಟು ನೋಡಿದ್ಯಾ?"

"ನೋಡಿದೆ ಮಗಳೇ. ತಣ್ಣಗಿತ್ತು."

ಡೆಲ್ಫಿನಾ ಮಸಿ ಮೆತ್ತಿದ ಟಿಕೆಟ್ಟನ್ನು ಜೇಬಿನಿಂದ ತೆಗೆದು ನೋಡುತ್ತಾರೆ. "ಒಂದೇ ಒಂದು ದಿನ ಜೋರು ಮಳೆ ಬರ್ಲಿ. ಅವತ್ತು ನಿನ್ನ ಪಕ್ಕ, ಮುಂದಿನ ಡಬ್ಬೀಲಿ, ಕಿಟಕಿ ಹತ್ರಾನೇ ಕೂತ್ಕೋತೀನಿ."

"ಮುಂದೆ ಬೇಡ ಅಜ್ಜಿ," ಎನ್ನುತ್ತಾಳೆ ಮಾರಿಸೆಲಾ. "ಕೊನೇ ಡಬ್ಬೀಲಿ ಕೂರೋಣ. ಹಿಂದೆ ನೋಡೋರು ಬೇಕಲ್ವಾ?"